ಸ್ಕಿಜೋಫ್ರೇನಿಯಾ ಜೊತೆ ಗೀಳೂ ಕಾಣಿಸಿದರೆ ಮನೆಯವರು ಏನು ಮಾಡಬೇಕು?

ಇಲ್ಲದ ಧ್ವನಿ ಕೇಳಿಸುವ, ಇಲ್ಲದ್ದನ್ನು ನಿಜವೆಂದು ನಂಬಿಸುವ ಮನೋರೋಗವಾದ ಸ್ಕಿಜೋಫ್ರೇನಿಯಾಗೆ ಮಾತ್ರೆ ಶುರುವಾಗಿ, ಕಿವಿಯಲ್ಲಿ ಕೇಳಿಸುತ್ತಿದ್ದ ಧ್ವನಿಗಳು ಕಡಿಮೆಯಾಗಿ, ಮನೆಯವರು ಸ್ವಲ್ಪ ನಿರಾಳವಾಗುವ ಹೊತ್ತಿಗೆ ಹೊಸದೊಂದು ಕಾಟ ಶುರುವಾಗಬಹುದು. ಮಗ ಬಚ್ಚಲಿಗೆ ಹೋದರೆ ಬೇಗ ಈಚೆ ಬರುವುದಿಲ್ಲ. ಮಗಳು ರಾತ್ರಿಯಿಡೀ ಎದ್ದೆದ್ದು ಬಾಗಿಲ ಚಿಲಕ ನೋಡುತ್ತಾಳೆ. ಟ್ಯಾಂಕರ್ ನೀರಿಗೆ ದುಡ್ಡು ಕೊಡುವ ಕೋಲಾರದ ಮನೆಗಳಲ್ಲಿ ಇದು ನೀರಿನ ಜಗಳವಾಗಿಯೇ ಮೊದಲು ಕಾಣಿಸುತ್ತದೆ. ‘ಸಂಪೆಲ್ಲಾ ಖಾಲಿ ಮಾಡ್ತಾನೆ, ಬರೀ ಹಟ’ ಅನ್ನುತ್ತಾರೆ. ದಯವಿಟ್ಟು ಹಾಗೆ ಅನ್ನಬೇಡಿ. ಸ್ಕಿಜೋಫ್ರೇನಿಯಾ ಇರುವ ನಾಲ್ವರಲ್ಲಿ ಸುಮಾರು ಒಬ್ಬರಿಗೆ ಗೀಳಿನ (ಒಸಿಡಿ: ಬೇಡವೆಂದರೂ ಮತ್ತೆ ಮತ್ತೆ ಬರುವ ಯೋಚನೆ, ಮಾಡದೆ ಇರಲಾಗದ ಕೆಲಸ) ಲಕ್ಷಣಗಳೂ ಇರುತ್ತವೆ. ಅದಕ್ಕೂ ಚಿಕಿತ್ಸೆ ಇದೆ. ಆದರೆ ಡಾಕ್ಟರಿಗೆ ಯಾರಾದರೂ ಹೇಳಬೇಕಲ್ವಾ?

ಮೊದಲು, ಕಾರಣ ಕೇಳಿ

ಶುಚಿಯಾಗಿರುವುದೆಲ್ಲ ಗೀಳಲ್ಲ. ಅಜ್ಜಿ ಮಡಿ ಮಾಡುತ್ತಾರೆ. ರೇಷ್ಮೆ ಹುಳು ಸಾಕುವವರು ಹುಳುಮನೆಗೆ ಕಾಲಿಡುವ ಮುಂಚೆ ಕೈಕಾಲು ತೊಳೆಯಲೇಬೇಕು. ಅವರಿಗೆ ತೊಳೆದರೆ ಮುಗಿಯಿತು. ತೊಳೆದರೂ ಸಮಾಧಾನ ಸಿಗದೆ, ದಿನಕ್ಕೆ ಒಂದು ಗಂಟೆಗಿಂತ ಜಾಸ್ತಿ ಅದರಲ್ಲೇ ಕಳೆದು, ಊಟ, ನಿದ್ದೆ, ಕೆಲಸ ಕೆಡುತ್ತಿದ್ದರೆ ಗೀಳು ಇರಬಹುದು.

ಜಗಳದ ಹೊತ್ತಿನಲ್ಲಿ ಕೇಳಬೇಡಿ. ಕಾಫಿ ಕುಡಿಯುತ್ತಾ ಕೂತಾಗ ಮೆಲ್ಲಗೆ, ‘ತೊಳೀದೆ ಬಿಟ್ರೆ ಏನಾಗುತ್ತೆ ಅನ್ಸುತ್ತಪ್ಪಾ?’ ಎನ್ನಿ. ಬರುವ ಉತ್ತರ ತುಂಬಾ ಮುಖ್ಯ. ‘ತೊಳಿ ತೊಳಿ ಅಂತ ಯಾರೋ ಹೇಳ್ತಾನೇ ಇರ್ತಾರೆ’ ಎಂದರೆ ಧ್ವನಿಯ ಆಜ್ಞೆ ಇರಬಹುದು. ‘ಪಕ್ಕದ ಮನೆಯವ್ರು ನೀರಿಗೆ ವಿಷ ಹಾಕಿದ್ದಾರೆ’ ಎಂದು ಗಟ್ಟಿಯಾಗಿ ನಂಬಿದ್ದರೆ ಅದು ಭ್ರಮೆಯ ಕಡೆಗೆ ಬೊಟ್ಟು ಮಾಡುತ್ತದೆ. ‘ಕೊಳೆ ಇಲ್ಲ ಅಂತ ನಂಗೂ ಗೊತ್ತು, ಆದ್ರೂ ತೊಳೀದೆ ಇರಕ್ಕಾಗಲ್ಲಮ್ಮಾ’ ಎಂಬುದು ಹೆಚ್ಚಾಗಿ ಗೀಳಿನ ಮಾತು. ಮೂರೂ ಬೆರೆತಿರುವುದೂ ಉಂಟು. ಅದನ್ನು ಬಿಡಿಸಿ ನೋಡುವುದು ಮನೋವೈದ್ಯರ ಕೆಲಸ. ನೀವು ಅವರು ಆಡಿದ ಮಾತನ್ನು ಆಡಿದ ಹಾಗೇ ಬರೆದಿಟ್ಟುಕೊಂಡರೆ ಸಾಕು.

ಕಣ್ಣಿಗೆ ಕಾಣದ ಗೀಳೂ ಇದೆ. ದೇವರ ಮುಂದೆ ನಿಂತಾಗ ಬೇಡದ ಕೆಟ್ಟ ಯೋಚನೆ ಬರುತ್ತದೆ. ಮಗುವಿಗೆ ನನ್ನಿಂದಲೇ ಏನಾದರೂ ಆಗಿಬಿಟ್ಟರೆ ಎಂಬ ಹೆದರಿಕೆ ಕಾಡುತ್ತದೆ. ನಾಚಿಕೆಯಿಂದ ಯಾರಿಗೂ ಹೇಳಿರುವುದಿಲ್ಲ. ಹೇಳಿಕೊಂಡ ದಿನ ‘ಪಾಪ’ ಎಂದು ಬೈದರೆ ಮತ್ತೆಂದೂ ಬಾಯಿ ಬಿಡುವುದಿಲ್ಲ.

ಆಮೇಲೆ, ಮಾತ್ರೆಯ ದಿನಾಂಕ ನೋಡಿ

ಗೀಳು ಯಾವಾಗ ಶುರುವಾಯಿತು, ಅದಕ್ಕೆ ಮುಂಚೆ ಯಾವ ಮಾತ್ರೆ ಬದಲಾಯಿತು, ಯಾವಾಗ ಡೋಸ್ ಏರಿತು, ಎಲ್ಲ ಬರೆಯಿರಿ. ಸ್ಕಿಜೋಫ್ರೇನಿಯಾಗೆ ಕೊಡುವ ಕೆಲವು ಮಾತ್ರೆಗಳಿಂದ, ಅದರಲ್ಲೂ ಕ್ಲೋಜಪಿನ್‌ನಿಂದ, ಗೀಳು ಹೊಸದಾಗಿ ಬರಬಹುದು, ಇದ್ದದ್ದು ಜೋರಾಗಬಹುದು. ಬೇರೆ ಮಾತ್ರೆಗಳು ಕೆಲಸ ಮಾಡದಾಗ ಎಷ್ಟೋ ಜನರನ್ನು ಎತ್ತಿ ನಿಲ್ಲಿಸುವುದೂ ಅದೇ ಕ್ಲೋಜಪಿನ್. ಹಾಗಾಗಿ ನೀವಾಗಿ ನಿಲ್ಲಿಸಬೇಡಿ. ಥಟ್ಟನೆ ಬಿಟ್ಟರೆ ಹಳೆಯ ಕಾಯಿಲೆ ಜೋರಾಗಿ ಮರಳಬಹುದು. ಎರಡು ದಿನಕ್ಕಿಂತ ಜಾಸ್ತಿ ತಪ್ಪಿಹೋಗಿದ್ದರೆ ಹಳೆಯ ಡೋಸನ್ನೇ ಕೊಡಬೇಡಿ, ಡಾಕ್ಟರನ್ನು ಕೇಳಿ. ಮತ್ತೆ ಕಡಿಮೆಯಿಂದ ಏರಿಸಬೇಕಾಗುತ್ತದೆ.

ಡಾಕ್ಟರು ಡೋಸ್ ಇಳಿಸಬಹುದು, ಅರಿಪಿಪ್ರಜೋಲ್ ಎಂಬ ಇನ್ನೊಂದು ಮಾತ್ರೆ ಸೇರಿಸಬಹುದು, ಗೀಳಿಗೆಂದೇ ಬೇರೆ ಮಾತ್ರೆ ಬರೆಯಬಹುದು. ಗೀಳಿನ ಮಾತ್ರೆಯ ಗುಣ ತಿಳಿಯಲು 8ರಿಂದ 12 ವಾರ ಬೇಕು. ಬೇರೆಯವರ ಚೀಟಿ ತೋರಿಸಿ ಮೆಡಿಕಲ್ ಸ್ಟೋರಿನಿಂದ ಸುಮ್ನೆ ತರಬೇಡಿ. ಗೀಳಿಗೆ ಕೊಡುವ ಫ್ಲುವೊಕ್ಸಮಿನ್, ರಕ್ತದಲ್ಲಿ ಕ್ಲೋಜಪಿನ್ ಪ್ರಮಾಣವನ್ನು ಹಲವು ಪಟ್ಟು ಏರಿಸಬಲ್ಲದು. ಬೀಡಿ, ಸಿಗರೇಟು ಥಟ್ಟನೆ ಬಿಟ್ಟರೂ ಅದು ಏರುತ್ತದೆ. ಬಿಡುವುದು ಒಳ್ಳೆಯದೇ, ಮೊದಲೇ ಡಾಕ್ಟರಿಗೆ ತಿಳಿಸಿ. ಕ್ಲೋಜಪಿನ್ ತೆಗೆದುಕೊಳ್ಳುವವರಿಗೆ ಜ್ವರ, ಗಂಟಲು ನೋವು ಬಂದರೆ ಅಂದೇ ರಕ್ತ ಪರೀಕ್ಷೆ ಮಾಡಿಸಿ. ಬಿಳಿ ರಕ್ತಕಣ ಕುಸಿದಿರಬಹುದು.

ಮನೆಯಲ್ಲಿ ಹೇಗಿರಬೇಕು

ನಲ್ಲಿ ಬಂದ್ ಮಾಡುವುದು, ಬಚ್ಚಲ ಬಾಗಿಲು ಬಡಿಯುವುದು ಬೇಡ. ಹಾಗೆಂದು ಅವರ ಬದಲು ನೀವೇ ಹೋಗಿ ಚಿಲಕ ನೋಡಿ ‘ಹಾಕಿದೆ, ಹಾಕಿದೆ’ ಎಂದು ಹೇಳುತ್ತಲೇ ಇರುವುದೂ ಗೀಳಿಗೆ ಮೇವು ಹಾಕಿದಂತೆ. ಒಂದು ಸಲ ಹೇಳಿ. ಆಮೇಲೆ, ‘ಕಷ್ಟ ಆಗ್ತಿದೆ ಅಂತ ಗೊತ್ತು, ನಾನೂ ಇಲ್ಲೇ ಕೂತಿರ್ತೀನಿ’ ಅನ್ನಿ. ತೊಳೆಯದೆ ತಡೆದುಕೊಳ್ಳುವುದನ್ನು ಸ್ವಲ್ಪ ಸ್ವಲ್ಪವೇ ಕಲಿಸುವ ಚಿಕಿತ್ಸೆಯೂ ಇದೆ. ಅದನ್ನು ತಜ್ಞರೇ ಮಾಡಿಸಬೇಕು. ಧ್ವನಿಗಳು ಜೋರಾಗಿರುವಾಗ ಮನೆಯಲ್ಲಿ ಪ್ರಯೋಗ ಮಾಡಬೇಡಿ.

ಎಲ್ಲಿಗೆ ಹೋಗಬೇಕು

ಕೋಲಾರದ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕಡೆಯವರು ತಾಲೂಕು ಆಸ್ಪತ್ರೆಯಲ್ಲಿ ಮಾನಸಿಕ ಕಾಯಿಲೆಗಳಿಗೆಂದು ನಡೆಯುವ ಮನೋಚೈತನ್ಯ ಕ್ಲಿನಿಕ್ ಯಾವ ದಿನ ಎಂದು ಕೇಳಿ. ಗೀಳು ಹಟ ಹಿಡಿದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಅದಕ್ಕೆಂದೇ ಕ್ಲಿನಿಕ್ ಇದೆ. ಹೋಗುವಾಗ ಬರೆದಿಟ್ಟ ಪುಸ್ತಕ, ಮನೆಯಲ್ಲಿರುವ ಎಲ್ಲ ಮಾತ್ರೆ ಶೀಟುಗಳು ಕೈಯಲ್ಲಿರಲಿ. ಫೋನಿನಲ್ಲೇ ಮಾತಾಡಬೇಕೆಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416. ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ, ರಾತ್ರಿಯೂ ಇರುತ್ತಾರೆ. ಸಾಯುವ ಮಾತಾಡಿದರೆ, ತನಗೋ ಇನ್ನೊಬ್ಬರಿಗೋ ಪೆಟ್ಟು ಮಾಡು ಎಂದು ಧ್ವನಿ ಹೇಳುತ್ತಿದ್ದರೆ ಬೆಳಗಾಗಲಿ ಎಂದು ಕಾಯಬೇಡಿ. ಒಬ್ಬರನ್ನೇ ಬಿಡದೆ, 108ಕ್ಕೆ ಕರೆ ಮಾಡಿ ಆಗಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.