ಡಬ್ಬಿ, ಕಡ್ಡಿ ಗುರುತಿಸೋ ಮಾಡೆಲ್ ಸರಿಯಾಗಿದ್ದು ಹೀಗೆ

ಬ್ಯಾಡಗಿ ಮೆಣಸಿನಕಾಯಲ್ಲಿ ಎರಡು ಬಗೆ: ಗಿಡ್ಡ, ದಪ್ಪ, ಸುಕ್ಕಿನ ಡಬ್ಬಿ, ಉದ್ದನೆ ಕಡ್ಡಿ. ಫೋಟೋ ನೋಡಿ ಡಬ್ಬಿಯೋ ಕಡ್ಡಿಯೋ ಹೇಳುವ ಸಣ್ಣ ಎಐ ಮಾಡೆಲ್ ನಮ್ಮದು. ಇಮೇಜ್‌ನೆಟ್ ಅನ್ನೋ ದೊಡ್ಡ ಫೋಟೋ ಸಂಗ್ರಹದ 1000 ವರ್ಗಗಳ ಮೇಲೆ ಮೊದಲೇ ಕಲಿತಿದ್ದ ನ್ಯೂರಲ್ ನೆಟ್‌ವರ್ಕ್ ತಗೊಂಡು, ಉತ್ತರ ಕೊಡುವ ಅದರ ಕೊನೆಯ ಪದರ ಬದಲಿಸಿ, ನಮ್ಮ ಫೋಟೋಗಳಿಂದ ತರಬೇತಿ ಕೊಟ್ಟಿದ್ದೆವು. ಲ್ಯಾಪ್‌ಟಾಪ್‌ನಲ್ಲಿ ಎಲ್ಲಾ ಚೆನ್ನಾಗಿತ್ತು. ಹಾವೇರಿಯ ಅಂಗಡಿಯೊಂದರ ಫೋಟೋ ಕೊಟ್ಟರೆ ಮಾತ್ರ ಉದ್ದನೆ ಕಡ್ಡಿಯನ್ನೂ ಡಬ್ಬಿ ಅಂತಿತ್ತು.

ಗ್ರಾಡ್-ಕ್ಯಾಮ್ ಅನ್ನೋ ವಿಧಾನ ಹಾಕಿ ನೋಡಿದೆ. ಚಿತ್ರದ ಯಾವ ಭಾಗ ನೋಡಿ ಮಾಡೆಲ್ ಉತ್ತರ ಕೊಟ್ಟಿತು ಅಂತ ಅದು ಬಣ್ಣದಲ್ಲಿ ತೋರಿಸುತ್ತೆ. ಬಣ್ಣ ಬಿದ್ದಿದ್ದು ಕಾಯಿ ಮೇಲಲ್ಲ, ಕೆಳಗಿನ ಗೋಣಿಚೀಲದ ಮೇಲೆ! ನಮಗೆ ಸಿಕ್ಕಿದ್ದ ಡಬ್ಬಿ ಫೋಟೋಗಳೆಲ್ಲ ಚೀಲದ ಮೇಲೆ, ಕಡ್ಡಿಯವು ಸಿಮೆಂಟ್ ನೆಲದ ಮೇಲೆ. ಗಿಡ್ಡ, ದಪ್ಪ, ಸುಕ್ಕು ಇವೆಲ್ಲ ಮಾಡೆಲ್‌ಗೆ ಬೇಕಾಗಿಯೇ ಇರಲಿಲ್ಲ, ಎರಡು ಗುಂಪು ಬೇರೆ ಮಾಡಲು ಸುಲಭಕ್ಕೆ ಏನು ಸಿಗುತ್ತೋ ಅದನ್ನೇ ಹಿಡಿಯುತ್ತೆ, ಮೆಣಸಿನಕಾಯಿ ಅಂದರೇನು ಅಂತ ಅದಕ್ಕೆ ಯಾರೂ ಹೇಳಿಲ್ಲ ಅಲ್ವಾ.

ಎರಡೂ ಬಗೆಯನ್ನು ಚೀಲ, ನೆಲ, ಬಿಳಿ ಹಾಳೆ, ಮೊರ ಹೀಗೆ ಎಲ್ಲದರ ಮೇಲೂ ಇಟ್ಟು ಮತ್ತೆ ಫೋಟೋ ತೆಗೆದೆವು. ಪರೀಕ್ಷೆಗೆ ಮಾತ್ರ ತರಬೇತಿಯಲ್ಲಿ ಇಲ್ಲದ ಅಂಗಡಿಗಳ ಫೋಟೋ. ಇದನ್ನು ಬಿಡಬೇಡಿ, ಇಲ್ಲದಿದ್ದರೆ ಸುಮ್ನೆ ಒಳ್ಳೆ ಅಂಕ ನೋಡಿ ಖುಷಿಪಡೋದಷ್ಟೇ. 'ಎರಡೂ ಅಲ್ಲ' ಅನ್ನೋ ಮೂರನೇ ವರ್ಗವನ್ನೂ ಸೇರಿಸಿ. ಅದಿಲ್ಲದಾಗ ಬದನೆಕಾಯಿ ತೋರಿಸಿದರೂ ನಮ್ಮದು ಡಬ್ಬಿ ಅಂತಿತ್ತು.