ಮದುವೆಯಿಲ್ಲದೆ ಬಸಿರಾದ ಹುಡುಗಿಯ ಕಥೆಯನ್ನು ಹಳೆಯ ಕಾಸರಗೋಡಿನಲ್ಲಿಟ್ಟು ಬರೆಯುವುದು ಹೇಗೆ

ಹದಿಹರೆಯದ ಓದುಗರಿಗಾಗಿ ಕಾದಂಬರಿ ಬರೆಯಹೊರಟವರು, ಶಾಲೆಗೆ ಹೋಗುವ ವಯಸ್ಸಿನಲ್ಲೇ ಬಸಿರಾದ ಹುಡುಗಿಯೊಬ್ಬಳ ಕಥೆಯನ್ನು ಐವತ್ತು ಅರುವತ್ತು ವರ್ಷಗಳ ಹಿಂದಿನ ಕಾಸರಗೋಡಿನಲ್ಲಿ ನಡೆಸಬೇಕೆಂದು ಬಯಸಿದರೆ, ಎಲ್ಲಕ್ಕಿಂತ ಮೊದಲು ಇಸವಿಯನ್ನು ಗಟ್ಟಿ ಮಾಡಿಕೊಳ್ಳಬೇಕು. ಬರೀ ‘ಹಿಂದಿನ ಕಾಲ’ ಎಂದು ಇಟ್ಟುಕೊಂಡರೆ ಕಥೆಯಲ್ಲಿ ಸಿಟ್ಟಿನ ತಂದೆ, ಅಳುವ ತಾಯಿ ಮತ್ತು ಅಂಗಳದ ಬಾವಿ, ಈ ಮೂರೇ ಉಳಿಯುತ್ತವೆ. ಆ ಕಾಲ ಹುಡುಗಿಯನ್ನು ಹೇಗೆ ಸುತ್ತುಗಟ್ಟಿತು ಎಂಬುದನ್ನು ತೋರಿಸಬೇಕಾದರೆ ಅಂದಿನ ಕಾನೂನು, ಮನೆಯ ಕಟ್ಟುಪಾಡು, ಗದ್ದೆಯ ಗೇಣಿ, ಮಳೆಗಾಲ, ರೈಲು ಇವೆಲ್ಲ ಕಥೆಯೊಳಗೆ ಕೆಲಸ ಮಾಡಬೇಕು. ಇಸವಿ ಬದಲಾದರೆ ಇವುಗಳಲ್ಲಿ ಹಲವು ಬದಲಾಗುತ್ತವೆ.

ಮುಖ್ಯವಾದ ಕೆಲವು ಗಡುಗಳನ್ನು ಮೊದಲೇ ಗುರುತಿಸಿಕೊಳ್ಳಿ. 1956ರ ನವೆಂಬರ್ 1ರಂದು ಕಾಸರಗೋಡು ತಾಲೂಕು ದಕ್ಷಿಣ ಕನ್ನಡ ಜಿಲ್ಲೆಯಿಂದ ಬೇರ್ಪಟ್ಟು ಕೇರಳಕ್ಕೆ ಸೇರಿತು. ಹೆರಿಗೆಗೆ, ಚಿಕಿತ್ಸೆಗೆ, ಗುಟ್ಟಿನ ವ್ಯವಹಾರಕ್ಕೆ ಎಲ್ಲದಕ್ಕೂ ನಂಬಿಕೊಂಡಿದ್ದ ಮಂಗಳೂರು ಆ ದಿನದಿಂದ ಬೇರೆ ರಾಜ್ಯದ ಊರಾಯಿತು. 1949ರಿಂದ 1978ರವರೆಗೆ ಹೆಣ್ಣಿನ ಮದುವೆಗೆ ಕಾನೂನು ಇಟ್ಟಿದ್ದ ಕನಿಷ್ಠ ವಯಸ್ಸು 15. ಆದರೆ ಅದೇ 1949ರಲ್ಲಿ ದಂಡಸಂಹಿತೆಗಾದ ತಿದ್ದುಪಡಿಯ ಪ್ರಕಾರ ಮದುವೆಯಾಗದ ಹುಡುಗಿಯ ಒಪ್ಪಿಗೆಗೆ ಬೆಲೆ ಬರುತ್ತಿದ್ದದ್ದು 16 ತುಂಬಿದ ಮೇಲೆ. ಅಂದರೆ ಹದಿನೈದರ ಹುಡುಗಿ ಬಸಿರಾದರೆ ಕಾನೂನಿನ ಕಣ್ಣಿಗೆ ಅದು ಅತ್ಯಾಚಾರ. ಊರಿನ ಕಣ್ಣಿಗೆ ಆಕೆಯ ತಪ್ಪು. ಅವಸರದಲ್ಲಿ ಮದುವೆ ಮಾಡಿಬಿಟ್ಟರೆ ಆ ಮದುವೆಗೆ ಅಡ್ಡಿಯಿಲ್ಲ. ಈ ಮೂರೂ ಒಟ್ಟಿಗೆ ನಿಜವಾಗಿದ್ದ ಕಾಲವದು. ನಿಮ್ಮ ಕಥೆಯ ಹೆಡ್‌ಮಾಸ್ತರರಿಗಾಗಲಿ ಊರಿನ ವಕೀಲರಿಗಾಗಲಿ ಇದು ಗೊತ್ತಿದ್ದು ಸುಮ್ಮನಿದ್ದರೆ, ಆ ಮೌನವೇ ಒಂದು ಅಧ್ಯಾಯಕ್ಕೆ ಸಾಕಾಗುವಷ್ಟು ಭಾರವಾದದ್ದು.

ಗರ್ಭಪಾತದ ವಿಷಯದಲ್ಲಿ 1972ರ ಏಪ್ರಿಲ್ 1 ದೊಡ್ಡ ಗೆರೆ. 1971ರಲ್ಲಿ ಸಂಸತ್ತು ಒಪ್ಪಿದ ವೈದ್ಯಕೀಯ ಗರ್ಭಪಾತ ಕಾಯ್ದೆ ಜಾರಿಗೆ ಬಂದದ್ದು ಅಂದು. ಅದಕ್ಕೂ ಮೊದಲು ತಾಯಿಯ ಜೀವ ಉಳಿಸುವ ಸದುದ್ದೇಶವೊಂದನ್ನು ಬಿಟ್ಟರೆ ಗರ್ಭ ತೆಗೆಸುವುದು ದಂಡಸಂಹಿತೆಯ 312ನೇ ಕಲಮಿನ ಅಪರಾಧವಾಗಿತ್ತು. ಮೂರು ವರ್ಷಗಳವರೆಗೆ, ಹೊಟ್ಟೆಯಲ್ಲಿ ಮಗು ಮಿಸುಕತೊಡಗಿದ ಮೇಲಾದರೆ ಏಳು ವರ್ಷಗಳವರೆಗೆ ಶಿಕ್ಷೆಯಾಗಬಹುದಿತ್ತು, ಮತ್ತು ತಾನೇ ಗರ್ಭ ಕಳೆದುಕೊಂಡ ಹೆಂಗಸೂ ಆ ಕಲಮಿನೊಳಗೆ ಬರುತ್ತಿದ್ದಳು. 1972ರ ನಂತರವೂ ಹದಿನೆಂಟು ತುಂಬದ ಹುಡುಗಿಗೆ ಪೋಷಕರ ಲಿಖಿತ ಒಪ್ಪಿಗೆ ಬೇಕಾಗಿತ್ತು. ಆದ್ದರಿಂದ 1974ರಲ್ಲಿ ನಡೆಯುವ ಕಥೆಯಲ್ಲಿ ಹುಡುಗಿ ಮನೆಯವರಿಗೆ ತಿಳಿಯದಂತೆ ಮಂಗಳೂರಿನ ಆಸ್ಪತ್ರೆಗೆ ಒಬ್ಬಳೇ ಹೋಗಿ ಸಲೀಸಾಗಿ ಮರಳಿದಳೆಂದು ಬರೆದರೆ ಓದುಗರು ನಂಬಬಾರದು.

ಇಸವಿ ಗಟ್ಟಿಯಾದ ಮೇಲೆ ಮಾಡಬೇಕಾದದ್ದು ತಿಂಗಳುಗಳ ಲೆಕ್ಕ. ನನ್ನ ಮಟ್ಟಿಗೆ ಇಂಥ ಕಾದಂಬರಿಯ ಕಟ್ಟು ನಿಲ್ಲುವುದು ಇದರ ಮೇಲೆ. ಒಂದು ಹಾಳೆಯಲ್ಲಿ ಹುಡುಗಿಯ ದೇಹದ ನಲವತ್ತು ವಾರಗಳನ್ನೂ ಅದರ ಪಕ್ಕದಲ್ಲೇ ಊರಿನ ಋತುಗಳನ್ನೂ ಬರೆದುಕೊಳ್ಳಿ. ಕೊನೆಯ ಮುಟ್ಟು ಏಪ್ರಿಲ್ 10ಕ್ಕೆ ಎಂದು ಇಟ್ಟುಕೊಂಡರೆ, ಬಯಲಾಟ ಮತ್ತು ಕೋಲಗಳ ರಾತ್ರಿಗಳು ಇನ್ನೂ ಮುಗಿಯದ, ಶಾಲೆಗೆ ರಜೆಯಿರುವ ಏಪ್ರಿಲ್ ಕೊನೆಯಲ್ಲಿ ಗರ್ಭ ನಿಲ್ಲುತ್ತದೆ. ಯಕ್ಷಗಾನ ಮೇಳಗಳು ಆ ವರ್ಷದ ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುವ ಪತ್ತನಾಜೆಯ ಹೊತ್ತಿಗೆ, ಅಂದರೆ ಮೇ ತಿಂಗಳ ಕೊನೆಯ ವಾರಕ್ಕೆ, ಒಂದು ಮುಟ್ಟು ತಪ್ಪಿ ವಾಕರಿಕೆ ಶುರುವಾಗಿರುತ್ತದೆ. ಜೂನಿನಲ್ಲಿ ಮಳೆಯೊಂದಿಗೆ ಶಾಲೆ ತೆರೆಯುತ್ತದೆ. ಮನೆಯವರಿಗೆ ಸಂಶಯ ಬಂದು, ಹುಡುಗನ ಕಡೆಯವರೊಂದಿಗೆ ಮಾತಾಗಿ, ಮದುವೆ ಮಾಡಿ ಮುಚ್ಚಿಬಿಡೋಣವೆಂದು ಹಿರಿಯರು ಒಪ್ಪುವಷ್ಟರಲ್ಲಿ ಜುಲೈ ನಡುಭಾಗ ಬಂದರೆ ತುಳುವರ ಆಟಿ ತಿಂಗಳು ಕೂಡಿಬಿಡುತ್ತದೆ. ಆಟಿಯಲ್ಲಿ ಮದುವೆಯಿಲ್ಲ, ಯಾವ ಶುಭಕಾರ್ಯವೂ ಇಲ್ಲ. ಮಾಡಿದರೆ ಇಡೀ ಸೀಮೆಗೆ ಕಾರಣ ಗೊತ್ತಾಗುತ್ತದೆ. ಮಾಡದೆ ಮುಂದಿನ ತಿಂಗಳಾದ ಸೋಣದವರೆಗೆ ಕಾದರೆ ಆಗಸ್ಟ್ ಹದಿನೇಳರ ಹೊತ್ತಿಗೆ ಹದಿನೆಂಟು ವಾರ ಕಳೆದು, ಮಗು ಮಿಸುಕುವ ಕಾಲ ಬಂದು, ಸೀರೆಯ ನೆರಿಗೆಯಲ್ಲಿ ಹೊಟ್ಟೆ ಅಡಗುವುದು ಕಷ್ಟವಾಗುತ್ತದೆ. ಹೆಚ್ಚಿನ ಶಿಕ್ಷೆಯ ಗೆರೆಯನ್ನೂ ದೇಹ ದಾಟುವುದು ಹೆಚ್ಚು ಕಡಿಮೆ ಅದೇ ಹೊತ್ತಿಗೆ. ಹೊರಗೆ ಎಡೆಬಿಡದ ಮಳೆ, ಒಳಗೆ ಕಾಯುವ ಮನೆ: ಯಾವ ಖಳನಾಯಕನೂ ಇಲ್ಲದೆ ಕಥೆ ಬಿಗಿಯಾಗುವುದು ಈ ಒಂದು ತಿಂಗಳಿನಲ್ಲಿ. ಹೆರಿಗೆ ಜನವರಿ ಮಧ್ಯದಲ್ಲಿ. ಎಸ್ಸೆಸ್ಸೆಲ್ಸಿ ಪರೀಕ್ಷೆ ಮಾರ್ಚಿನಲ್ಲಿ. ಹುಡುಗಿ ಆ ಪರೀಕ್ಷೆಗೆ ಕೂರುವಳೇ ಎಂಬ ಪ್ರಶ್ನೆ, ಮಗು ಏನಾಯಿತು ಎಂಬ ಪ್ರಶ್ನೆಯಷ್ಟೇ ದೊಡ್ಡದಾಗಿ ನಿಮ್ಮ ಓದುಗರನ್ನು ಹಿಡಿದಿಡುತ್ತದೆ, ಯಾಕೆಂದರೆ ಅವರೂ ಆ ವಯಸ್ಸಿನವರೇ.

ಗುಟ್ಟು ಮನೆಯೊಳಗೆ ಎಷ್ಟು ದಿನ ಉಳಿಯಬಹುದೆಂಬುದನ್ನೂ ಆಲೋಚಿಸಬೇಕು. ತಿಂಗಳಿಗೊಮ್ಮೆ ಹೊರಗಾಗುವ, ಅಂದರೆ ಮುಟ್ಟಾದ ಹೆಂಗಸರು ಮೂರು ದಿನ ದೂರ ಕೂತು ನಾಲ್ಕನೆಯ ದಿನ ಮಿಂದು ಒಳಗೆ ಬರುವ ಪದ್ಧತಿಯಿದ್ದ ಮನೆಗಳಲ್ಲಿ ಒಬ್ಬ ಹುಡುಗಿಯ ದಿನ ನಿಂತದ್ದು ಎಲ್ಲರಿಗೂ ತಿಳಿಯುತ್ತಿತ್ತು. ಅಡುಗೆಮನೆಗೆ ಬಾರದ ದಿನಗಳನ್ನು ಅಜ್ಜಿ ಎಣಿಸುತ್ತಿದ್ದಳು. ಗುಟ್ಟು ಕಾಯಬೇಕಾದರೆ ಹುಡುಗಿ ಸುಳ್ಳಾಗಿ ಹೊರಗೆ ಕೂರಬೇಕು, ಬಟ್ಟೆ ತೊಳೆಯುವ ನಟನೆ ಮಾಡಬೇಕು, ಅಣ್ಣತಮ್ಮಂದಿರ ಕಣ್ಣೆದುರು ಮೂರು ದಿನ ದೂರವಿದ್ದು ದೇವರ ಕೋಣೆಯ ವಿಷಯದಲ್ಲಿ ತಾನು ಮಾಡುತ್ತಿರುವ ಸುಳ್ಳಿಗೆ ತಾನೇ ಹೆದರಬೇಕು. ಮನೆಯಲ್ಲೇ ಪರೀಕ್ಷಿಸಿಕೊಳ್ಳುವ ಪಟ್ಟಿ ಇಲ್ಲದ ಕಾಲದಲ್ಲಿ ಅವಳಿಗೆ ತನ್ನ ಸ್ಥಿತಿ ಖಚಿತವಾಗುವುದೂ ನಿಧಾನವಾಗಿಯೇ. ಅನೇಕ ಹುಡುಗಿಯರಿಗೆ ಯಾವುದರಿಂದ ಏನಾಗುತ್ತದೆಂಬುದನ್ನು ಯಾರೂ ಹೇಳಿಯೇ ಇರಲಿಲ್ಲ. ಹೀಗಾಗಿ ಅಜ್ಜಿಗೆ ಮೊದಲು ಗೊತ್ತಾಗಿ ಹುಡುಗಿಗೆ ಆಮೇಲೆ ಗೊತ್ತಾಗುವಂತೆ ಬರೆದರೂ ಅದು ಸುಳ್ಳಾಗದು.

ಅವಮಾನ ಎಲ್ಲ ಮನೆಗಳಲ್ಲೂ ಒಂದೇ ರೂಪದಲ್ಲಿ ಬರಲಿಲ್ಲ. ತಂದೆಯ ಗೋತ್ರದಿಂದ ಮಗುವನ್ನು ಗುರುತಿಸುವ ಹವ್ಯಕರ ಮನೆಯಲ್ಲಿ ತಂದೆಯ ಹೆಸರಿಲ್ಲದ ಕೂಸಿಗೆ ನಿಲ್ಲಲು ಜಾಗವೇ ಇರಲಿಲ್ಲ. ಅಳಿಯಸಂತಾನದ ಬಂಟರ, ಬಿಲ್ಲವರ ಕುಟುಂಬಗಳಲ್ಲಿ ಮಗು ತಾಯಿಯ ‘ಬಳಿ’ಗೆ, ಅಂದರೆ ತಾಯಿಯ ಕಡೆಯ ವಂಶಕ್ಕೆ, ತಾಯಿಯ ಕುಟುಂಬಕ್ಕೆ ಸೇರುವುದರಿಂದ ಅದಕ್ಕೊಂದು ನೆಲೆಯಿತ್ತು. ಹಾಗೆಂದು ಅಲ್ಲಿ ನೋವಿರಲಿಲ್ಲವೆಂದು ಬರೆಯಬೇಡಿ. ತೀರ್ಮಾನ ತಮ್ಮಲೆಯ, ಅಂದರೆ ಸೋದರಮಾವನ, ಬಾಯಲ್ಲಿತ್ತು. ಗಂಡನ ಮನೆಯ ದಾರಿ ಮುಚ್ಚಿದ್ದು ಅಲ್ಲೂ ನಿಜ. ಆ ಪದ್ಧತಿಯೂ ಕೇರಳದಲ್ಲಿ 1976ರ ಡಿಸೆಂಬರ್ 1ರಿಂದ ಕೂಡುಕುಟುಂಬ ರದ್ದತಿ ಕಾಯ್ದೆಯೊಂದಿಗೆ ಕಾನೂನಿನ ಬಲ ಕಳೆದುಕೊಂಡಿತು. ಮಾಪಿಳ್ಳೆಯರ, ಕ್ರೈಸ್ತರ, ಕೊರಗರ, ಮರಾಟಿಗಳ ಮನೆಗಳ ಕಥೆ ಬರೆಯುವವರು ಆ ಮನೆಗಳ ಹಿರಿಯ ಹೆಂಗಸರ ಜತೆ ಕೂತು ಮಾತಾಡದೆ ಬರೆಯತೊಡಗಬಾರದು.

ಬಡವರ ಮನೆಯ ಹುಡುಗಿಯ ಕಥೆಯಲ್ಲಿ ಗೇಣಿಯನ್ನು ಮರೆಯಬೇಡಿ. ವರ್ಷವರ್ಷ ಧಣಿಯ ಮರ್ಜಿಯ ಮೇಲೆ ನಡೆಯುವ ಚಾಲಗೇಣಿಯ ಗದ್ದೆ ಮಾಡುತ್ತಿದ್ದ ತಂದೆಗೆ, ಧಣಿಯ ಮಗ ತನ್ನ ಮಗಳನ್ನು ಬಸಿರು ಮಾಡಿದನೆಂದು 1968ರಲ್ಲಿ ಬಾಯಿ ಬಿಟ್ಟು ಹೇಳುವ ಧೈರ್ಯ ಎಲ್ಲಿಂದ ಬರಬೇಕು? 1970ರ ಜನವರಿ 1ರಂದು ಕೇರಳದಲ್ಲಿ ಜಮೀನ್ದಾರರ ಹಕ್ಕು ಸರಕಾರಕ್ಕೆ ಸೇರಿ ಒಕ್ಕಲು ಭೂಮಿಯ ಒಡೆತನಕ್ಕೆ ಅರ್ಹನಾದ ಮೇಲೆ ಅದೇ ತಂದೆ ಅದೇ ಚಾವಡಿಯ ಮುಂದೆ ಬೇರೆ ರೀತಿಯಲ್ಲಿ ನಿಲ್ಲಬಹುದು. ಎರಡು ವರ್ಷಗಳ ಅಂತರದಲ್ಲಿ ಒಬ್ಬನ ದನಿ ಬದಲಾಗುವುದನ್ನು ತೋರಿಸಬಲ್ಲ ಲೇಖಕರು ಕಾಲವನ್ನು ಬಯ್ಯುವ ಒಂದು ವಾಕ್ಯವನ್ನೂ ಬರೆಯಬೇಕಾಗುವುದಿಲ್ಲ.

ಹುಡುಗನನ್ನು ಕಥೆಯಿಂದ ಓಡಿಸಿಬಿಡುವುದು ಸುಲಭ, ಆದರೆ ಅವನನ್ನು ಉಳಿಸಿಕೊಳ್ಳಿ. ಅವನು ಶಾಲೆಗೆ ಹೋಗುತ್ತಲೇ ಇರುತ್ತಾನೆ, ಪರೀಕ್ಷೆ ಬರೆಯುತ್ತಾನೆ, ಅವನ ಹೆಸರನ್ನು ಯಾರೂ ಎತ್ತುವುದಿಲ್ಲ. ಈ ವ್ಯತ್ಯಾಸವನ್ನು ಓದುಗರು ಪುಟಪುಟದಲ್ಲೂ ಕಾಣಬೇಕು. ನಡೆದದ್ದು ಪ್ರೀತಿಯೋ ಬಲಾತ್ಕಾರವೋ ಎಂಬುದನ್ನು ನೀವು ಮಸುಕಾಗಿ ಬಿಡಬಾರದು; ಅದನ್ನು ಹೇಳಲು ಹುಡುಗಿಗೆ ಮಾತು ಸಿಕ್ಕದಿದ್ದರೂ ಏನಾಯಿತೆಂಬುದು ಬರೆಯುವವರಿಗೆ ಸ್ಪಷ್ಟವಿರಬೇಕು.

ಸಂಭಾಷಣೆಯಲ್ಲಿ ಮನೆಮಾತನ್ನು ಬಳಸಿ. “ಎಂತ ಆತು ಮಗಳೆ?” ಎಂದು ಕೇಳುವ ಅಬ್ಬೆಯ ಬಾಯಲ್ಲಿ ಪುಸ್ತಕದ ಕನ್ನಡ ಹೊಂದುವುದಿಲ್ಲ. 1956ರ ನಂತರದ ಕಥೆಯಾದರೆ ಸರಕಾರಿ ಆಸ್ಪತ್ರೆಯಲ್ಲಿ, ಪೊಲೀಸ್ ಠಾಣೆಯಲ್ಲಿ ತೆಂಕಣದಿಂದ ಬಂದ ಮಲಯಾಳಿ ನೌಕರರು ಎದುರಾಗುತ್ತಾರೆ. ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗಿ ಮನೆಯಲ್ಲೇ ಹೇಳಲಾಗದ ಸಂಗತಿಯನ್ನು ಅಲ್ಲಿ ಇನ್ನೊಂದು ಭಾಷೆಯಲ್ಲಿ ಹೇಳಬೇಕಾಗುತ್ತದೆ. ಆ ದೃಶ್ಯವನ್ನು ಗಡಿನಾಡಿನ ನಾವು ಬರೆಯದಿದ್ದರೆ ಬೇರಾರೂ ಬರೆಯಲಾರರು.

ಎರಡು ಕಡೆ ಕೈ ಬಿಗಿಹಿಡಿಯಬೇಕು. ಬಸಿರು ಇಳಿಸಲು ಬಳಸುತ್ತಿದ್ದ ನಾಟಿ ಮದ್ದುಗಳ ಹೆಸರು, ಅಳತೆ, ವಿಧಾನ ಬರೆಯಬೇಡಿ. ರಕ್ತಸ್ರಾವ, ನಂಜು, ಸಾವು ಎಂಬ ಪರಿಣಾಮಗಳನ್ನು ಬರೆಯಿರಿ. ಹಾಗೆಯೇ ಹುಡುಗಿಯನ್ನು ಬಾವಿಗೆ ಹಾರಿಸಿ ಕಥೆ ಮುಗಿಸಬೇಡಿ. ಅಂಥ ಸಾವುಗಳು ನಡೆದದ್ದು ನಿಜ. ಆದರೆ ಬದುಕಿ ಉಳಿದವರು, ಮಗುವನ್ನು ಅನಾಥಾಶ್ರಮಕ್ಕೆ ಕೊಟ್ಟು ಮರಳಿದವರು, ತಾಯಿಗೆ ತಂಗಿಯೆಂದೂ ಅಜ್ಜಿಗೆ ಮಗಳೆಂದೂ ಬೆಳೆದ ಮಕ್ಕಳು, ದೂರದ ಸಂಬಂಧಿಕರ ಮನೆಯಲ್ಲಿದ್ದು ಹೆತ್ತು ಮುಂದೆ ಟೀಚರಾದವರು, ಇವರ ಕಥೆಗಳು ಸಾಹಿತ್ಯದಲ್ಲಿ ಬಹಳ ಕಡಿಮೆ.

ಹಿರಿಯರಿಂದ ಮಾಹಿತಿ ಕೇಳುವಾಗ “ನಿಮ್ಮ ಊರಲ್ಲಿ ಹೀಗೆ ಯಾರಿಗಾದರೂ ಆಗಿತ್ತೇ?” ಎಂದು ಆರಂಭಿಸಬಾರದು. ಹೊರಗಾದಾಗ ಎಲ್ಲಿ ಮಲಗುತ್ತಿದ್ದಿರಿ, ಹೆರಿಗೆಗೆ ಯಾವ ಕೋಣೆ, ಸೂಲಗಿತ್ತಿಯನ್ನು ಕರೆಯಲು ರಾತ್ರಿ ಯಾರು ಹೋಗುತ್ತಿದ್ದರು, ಮಂಗಳೂರಿಗೆ ಯಾವ ಸ್ಟೇಶನ್ನಿನಿಂದ ರೈಲು ಹತ್ತುತ್ತಿದ್ದಿರಿ ಎಂದು ಕೇಳಿ. ಉಳಿದದ್ದನ್ನು ಹೇಳಬೇಕೆನಿಸಿದರೆ ಅವರೇ ಹೇಳುತ್ತಾರೆ. ಹೇಳಿದ್ದನ್ನು ಬಳಸುವಾಗ ಹೆಸರೊಂದನ್ನು ಬದಲಿಸಿದರೆ ಸಾಲದು, ಏಕೆಂದರೆ ನಮ್ಮಲ್ಲಿ ಜನರನ್ನು ಗುರುತಿಸುವುದು ಮನೆಯ ಹೆಸರಿನಿಂದ. ಮನೆ, ಗ್ರಾಮ, ಹೊಳೆಯ ಯಾವ ದಡ, ಒಡಹುಟ್ಟಿದವರ ಸಂಖ್ಯೆ ಎಲ್ಲವನ್ನೂ ಬದಲಿಸಿ. ಆ ಮಗು ಇಂದು ಅರುವತ್ತರ ಹತ್ತಿರದ ವ್ಯಕ್ತಿಯಾಗಿ ಅದೇ ಊರಿನಲ್ಲಿ ಇರಬಹುದು, ಮತ್ತು ಅವರಿಗೆ ಈ ಸಂಗತಿ ಗೊತ್ತಿಲ್ಲದೆಯೂ ಇರಬಹುದು.

ಪುಸ್ತಕದ ಕೊನೆಗೆ ಒಂದು ಪುಟದ ಟಿಪ್ಪಣಿ ಸೇರಿಸಿ, ಅದರಲ್ಲಿ ಇಂದಿನ ಕಾನೂನನ್ನು ಸರಳವಾಗಿ ಬರೆಯಿರಿ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೋ ಕಾಯ್ದೆಯಂತೆ ಹದಿನೆಂಟರೊಳಗಿನವರೆಲ್ಲ ಮಕ್ಕಳು. ಗರ್ಭಪಾತ ಕಾಯ್ದೆಯ 2021ರ ತಿದ್ದುಪಡಿಯ ನಂತರ ಅಪ್ರಾಪ್ತ ವಯಸ್ಸಿನವರಿಗೆ ಇಬ್ಬರು ವೈದ್ಯರ ಅಭಿಪ್ರಾಯದೊಂದಿಗೆ 24 ವಾರಗಳವರೆಗೆ ಗರ್ಭಪಾತಕ್ಕೆ ಅವಕಾಶವಿದೆ. ಪೋಷಕರ ಒಪ್ಪಿಗೆ ಈಗಲೂ ಬೇಕು. ಹುಡುಗಿಯೂ ಪೋಷಕರೂ ಕೋರಿದರೆ ವೈದ್ಯರು ಪೊಲೀಸರಿಗೆ ಆಕೆಯ ಗುರುತು ತಿಳಿಸಬೇಕಾಗಿಲ್ಲವೆಂದು ಸುಪ್ರೀಂ ಕೋರ್ಟು 2022ರ ಸೆಪ್ಟೆಂಬರಿನಲ್ಲಿ ಹೇಳಿದೆ. ಮಕ್ಕಳ ಸಹಾಯವಾಣಿ 1098ನ್ನು ದೊಡ್ಡ ಅಕ್ಷರಗಳಲ್ಲಿ ಅಚ್ಚು ಹಾಕಿಸಿ. ಕಥೆ ಓದುತ್ತಿರುವ ಹುಡುಗಿಗೇ ಆ ಸಂಖ್ಯೆ ಬೇಕಾಗಿರಬಹುದು.