ಗಿಡ ನೋಡಬೇಡಿ, ಸಂದಿ ನೋಡಿ: ಕಾಡುದಾರಿ ಬೈಕ್ ರೇಸಿಗೆ ಇಳಿಯುವುದು ಹೇಗೆ?

ನನ್ನ ಮೊದಲ ರೇಸ್ ಒಂದು ಬೇವಿನ ಮರದ ಬುಡದಲ್ಲಿ ಮುಗಿಯಿತು. ಎರಡು ಮರಗಳ ನಡುವೆ ಎತ್ತಿನ ಗಾಡಿ ಹೋಗುವಷ್ಟು ಜಾಗ ಇತ್ತು. ಆದರೂ ನೇರ ಹೋಗಿ ಎಡಗಡೆಯ ಮರಕ್ಕೇ ಗುದ್ದಿದೆ. ಸಂಜೆ ಹ್ಯಾಂಡಲ್ ನೆಟ್ಟಗೆ ಮಾಡಿಕೊಡುತ್ತಾ ದಾವಣಗೆರೆಯ ನಮ್ಮ ಗ್ಯಾರೇಜ್ ಮೇಸ್ತ್ರಿ ಕೇಳಿದರು: "ಗುದ್ದೋಕೆ ಮುಂಚೆ ಎಲ್ಲಿ ನೋಡ್ತಿದ್ದೆಪ್ಪಾ?"

"ಮರಾನೇ ನೋಡ್ತಿದ್ದೆ" ಅಂದೆ.

"ಮತ್ತೆ ಗಾಡಿ ಇನ್ನೆಲ್ಲಿಗೆ ಹೋಗ್ಬೇಕು? ಗಿಡ ನೋಡಬಾರದು ತಮ್ಮಾ, ಸಂದಿ ನೋಡಬೇಕು."

ಆಮೇಲೆ ಕಲಿತದ್ದೆಲ್ಲ ಈ ಮಾತಿನ ಸುತ್ತಲೇ ತಿರುಗುತ್ತದೆ. ಡಾಂಬರು ರಸ್ತೆಯಲ್ಲಿ ಜೋರಾಗಿ ಓಡಿಸುವವನು ಮರಗಳ ನಡುವೆ ಮೊದಲ ಹತ್ತು ನಿಮಿಷದಲ್ಲೇ ಸುಸ್ತಾಗುತ್ತಾನೆ. ಅಲ್ಲಿ ಬೇಕಾದ ಕಸುಬೇ ಬೇರೆ.

ಮೊದಲು, ಯಾವ ರೇಸು?

ಮುಖ್ಯವಾಗಿ ಎರಡು ಬಗೆ ಇವೆ. ಒಂದು ಹೇರ್ ಸ್ಕ್ರ್ಯಾಂಬಲ್. ತೋಪು, ಹಳ್ಳ, ಗುಡ್ಡ ಸೇರಿಸಿ ಒಂದು ಸುತ್ತಿನ ದಾರಿ ಮಾಡಿರುತ್ತಾರೆ. ಎಲ್ಲರೂ ಸಾಲು ಸಾಲಾಗಿ ಹೊರಡುತ್ತಾರೆ. ಇಷ್ಟು ಸುತ್ತು ಅಥವಾ ಇಷ್ಟು ಹೊತ್ತು ಅಂತ ಮೊದಲೇ ಹೇಳಿರುತ್ತಾರೆ. ಮೊದಲು ಮುಗಿಸಿದವನು ಗೆದ್ದ, ಅಷ್ಟೇ.

ಇನ್ನೊಂದು ಎಂಡ್ಯೂರೊ. ಇದು ಮದುವೆಯ ಮುಹೂರ್ತದ ಹಾಗೆ. ಚೆಕ್‌ಪಾಯಿಂಟ್‌ಗೆ ಹೇಳಿದ ನಿಮಿಷಕ್ಕೇ ತಲುಪಬೇಕು. ತಡವಾದರೆ ದಂಡ, ಬೇಗ ಬಂದರೂ ದಂಡ. ನಡುನಡುವೆ 'ಸ್ಪೆಷಲ್ ಟೆಸ್ಟ್' ಅಂತ ಕೆಲವು ತುಂಡುಗಳು ಬರುತ್ತವೆ. ಅಲ್ಲಿ ಮಾತ್ರ ಗಡಿಯಾರ ಮರೆತು ಪೂರ್ತಿ ಜೋರಾಗಿ ಓಡಿಸುವುದು. ಇದರ ದೊಡ್ಡಣ್ಣ ಅಂದರೆ 1913ರಲ್ಲಿ ಇಂಗ್ಲೆಂಡಿನ ಕಾರ್ಲೈಲ್‌ನಲ್ಲಿ ಶುರುವಾದ ಆರು ದಿನಗಳ ಅಂತರರಾಷ್ಟ್ರೀಯ ಸ್ಪರ್ಧೆ. ಅದು ಈಗಲೂ ನಡೆಯುತ್ತಿದೆ.

ಹೊಸಬರಿಗೆ ಸುತ್ತಿನ ರೇಸೇ ಒಳ್ಳೆಯದು. ಲೆಕ್ಕದ ತಲೆನೋವಿಲ್ಲ. ಮೊದಲ ಸುತ್ತಿನಲ್ಲಿ ಬಿದ್ದ ಜಾಗ ಎರಡನೇ ಸುತ್ತಿಗೆ ನೆನಪಿರುತ್ತದೆ.

ಕಾಡಿಗೆ ಗಾಡಿ ನುಗ್ಗಿಸಬೇಡಿ

ಕಾಡುದಾರಿ ಅಂದ ಕೂಡಲೇ ಚಿತ್ರದುರ್ಗದ ಹುಡುಗರಿಗೆ ಜೋಗಿಮಟ್ಟಿ ನೆನಪಾಗುತ್ತದೆ. ದಾವಣಗೆರೆಯವರಿಗೆ ಕೊಂಡಜ್ಜಿ, ಜಗಳೂರು ಕಡೆಯ ಕುರುಚಲು ಕಾಡು. ಆ ಆಸೆ ಬಿಟ್ಟುಬಿಡಿ. ಜೋಗಿಮಟ್ಟಿ ವನ್ಯಧಾಮ. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗ ಕೊಂಡುಕುರಿಗಳ ವನ್ಯಧಾಮ. ನಾಲ್ಕು ಕೊಂಬಿನ ಆ ಪುಟ್ಟ ಪ್ರಾಣಿ ಒಣ ಎಲೆ ಸರಿದರೂ ಬೆಚ್ಚುತ್ತದೆ. ಅದರ ಮನೆಯಲ್ಲಿ ಸೈಲೆನ್ಸರ್ ಸದ್ದು ಮಾಡುವುದು ತಪ್ಪು. ಮೀಸಲು ಅರಣ್ಯಕ್ಕೆ ಅನುಮತಿ ಇಲ್ಲದೆ ಹೋದರೆ 1963ರ ಕರ್ನಾಟಕ ಅರಣ್ಯ ಕಾಯ್ದೆಯಡಿ ಕೇಸು ಬೀಳುತ್ತದೆ. ವನ್ಯಧಾಮವಾದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೂ ಸೇರಿಕೊಳ್ಳುತ್ತದೆ. ಜೊತೆಗೆ ಕರಡಿ, ಚಿರತೆ ಬೇರೆ ಇವೆ.

ಹಾಗಾದರೆ ಅಭ್ಯಾಸ ಎಲ್ಲಿ? ಖಾಸಗಿ ಜಮೀನಿನಲ್ಲಿ. ನೀಲಗಿರಿ ತೋಪು, ಹುಣಸೆ ತೋಪು, ಕೊಯ್ಲಾದ ಮೇಲೆ ಖಾಲಿ ಬಿದ್ದ ಹೊಲ. ಮಾಲೀಕರನ್ನು ಕೇಳಿ, ಒಪ್ಪಿದರೆ ಮಾತ್ರ. ಮೆಕ್ಕೆಜೋಳದ ಹೊಲವಾದರೆ ಕೂಳೆ ನೋಡಿಕೊಳ್ಳಿ, ಒಣಗಿದ ಕೂಳೆ ಟೈರಿಗೂ ಕಾಲಿಗೂ ಚುಚ್ಚುತ್ತದೆ. ಚನ್ನಗಿರಿ ಕಡೆ ಅಡಿಕೆ ತೋಟದ ಸಾಲು ನೋಡಿ ಬಾಯಲ್ಲಿ ನೀರೂರಬಹುದು. ಗಿಡದಿಂದ ಗಿಡಕ್ಕೆ ಒಂಬತ್ತು ಅಡಿ, ಹ್ಯಾಂಡಲ್ ಅಗಲ ಎರಡೂವರೆ ಅಡಿ ಚಿಲ್ಲರೆ. ಅಳತೆ ಸರಿ ಇದೆ. ಆದರೆ ಕೆಳಗೆ ಡ್ರಿಪ್ ಪೈಪು ಇರುತ್ತದೆ! ಒಂದು ಪೈಪು ಕತ್ತರಿಸಿ ನೋಡಿ, ಆ ಊರಿನಲ್ಲಿ ಮತ್ತೆ ಯಾರೂ ಗಾಡಿ ಒಳಗೆ ಬಿಡುವುದಿಲ್ಲ.

ಕಲಿಸುವವರ ಬಳಿ ಕಲಿಯುವ ಆಸೆ ಇದ್ದರೆ ಕೋಲಾರದ ಹತ್ತಿರ ಬಿಗ್ ರಾಕ್ ಡರ್ಟ್ ಪಾರ್ಕ್ ಇದೆ. ಕಟ್ಟಿದವರು ಬೆಂಗಳೂರಿನ ಸಿ.ಎಸ್. ಸಂತೋಷ್. 2015ರಲ್ಲಿ ಮರುಭೂಮಿ, ಗುಡ್ಡ ದಾಟಿ ದಿನಗಟ್ಟಲೆ ಓಡಿಸುವ ಡಕಾರ್ ರ್‍ಯಾಲಿ ಪೂರ್ತಿ ಮುಗಿಸಿದ ಮೊದಲ ಭಾರತೀಯ ಅವರೇ, 36ನೇ ಸ್ಥಾನದಲ್ಲಿ.

ಯಾವ ಗಾಡಿ?

ವಿದೇಶಿ ಎಂಡ್ಯೂರೊ ಗಾಡಿಗಳು 105-110 ಕೆ.ಜಿ. ಇರುತ್ತವೆ. ಹೆಚ್ಚುಕಡಿಮೆ ನಮ್ಮ ಸ್ಪ್ಲೆಂಡರ್‌ನಷ್ಟೇ ತೂಕ. ಬೆಲೆ ಮಾತ್ರ ಕೇಳಬೇಡಿ. ನಮ್ಮಂಥವರ ಕೈಗೆ ಸಿಗುವುದು ಹೀರೊ ಎಕ್ಸ್‌ಪಲ್ಸ್ 200. ಸುಮಾರು 160 ಕೆ.ಜಿ. ತೂಗುತ್ತದೆ. ಮುಂದೆ 21 ಇಂಚು, ಹಿಂದೆ 18 ಇಂಚು ಚಕ್ರ. ಮುಂದಿನ ಚಕ್ರ ದೊಡ್ಡದಿದ್ದರೆ ಬೇರು, ಕಲ್ಲಿನ ಮೇಲೆ ಸಲೀಸಾಗಿ ಹತ್ತುತ್ತದೆ. ಹಳೇ ಆರ್‌ಎಕ್ಸ್ 100 ಇರುವವರೂ ಧೈರ್ಯಗೆಡಬೇಕಿಲ್ಲ. ಗಾಡಿ ಹಗುರ, ಕಲಿಯೋಕೆ ಸಾಕು. ಸಸ್ಪೆನ್ಷನ್ ಮಾತ್ರ ನಿಮ್ಮ ಬೆನ್ನಿಗೆ ಬಡ್ಡಿ ಸಮೇತ ವಸೂಲಿ ಮಾಡುತ್ತದೆ.

ಗಾಡಿ ತಯಾರಿಗೆ ದುಡ್ಡಿಗಿಂತ ಜಾಸ್ತಿ ಸ್ಪ್ಯಾನರ್ ಬೇಕು. ಕನ್ನಡಿ, ಇಂಡಿಕೇಟರ್, ಲಗೇಜ್ ಕಂಬಿ ಬಿಚ್ಚಿ. ಗುಬಟು ಟೈರ್ ಹಾಕಿಸಿ. ಹಿಂದಿನ ಸ್ಪ್ರಾಕೆಟ್‌ಗೆ ಎರಡು-ಮೂರು ಹಲ್ಲು ಜಾಸ್ತಿ ಮಾಡಿಸಿದರೆ ನಿಧಾನ ವೇಗದಲ್ಲೂ ಎಂಜಿನ್ ಎಳೆಯುತ್ತದೆ. ಹ್ಯಾಂಡ್ ಗಾರ್ಡ್ ಇಲ್ಲದೆ ಮರಗಳ ನಡುವೆ ಹೋಗಲೇಬಾರದು, ಬೆರಳು ಹೋಗುತ್ತದೆ. ಕ್ಲಚ್, ಬ್ರೇಕ್ ಲಿವರ್‌ಗಳ ಬೋಲ್ಟನ್ನು ಪೂರ್ತಿ ಬಿಗಿ ಮಾಡಬೇಡಿ. ಕೈಯಲ್ಲಿ ಜೋರಾಗಿ ತಿರುವಿದರೆ ತಿರುಗುವಷ್ಟು ಇರಲಿ. ಬಿದ್ದಾಗ ಲಿವರ್ ತಿರುಗುತ್ತದೆ, ಮುರಿಯುವುದಿಲ್ಲ.

ಟೈರಿನ ಗಾಳಿಯ ವಿಷಯದಲ್ಲಿ ಹೊಸಬರು ಎಡವುತ್ತಾರೆ. ಗಾಳಿ ಕಡಿಮೆ ಮಾಡಿದರೆ ಹಿಡಿತ ಜಾಸ್ತಿ, ನಿಜ. ಆದರೆ ದುರ್ಗದ ಕಲ್ಲಿನ ನೆಲದಲ್ಲಿ 18 ಪಿಎಸ್‌ಐಗಿಂತ ಕೆಳಗಿಳಿಸಿದರೆ ಕಲ್ಲಿಗೂ ರಿಮ್ಮಿಗೂ ನಡುವೆ ಟ್ಯೂಬು ಸಿಕ್ಕಿ ಎರಡು ತೂತು ಬೀಳುತ್ತದೆ. ಜಾಲಿ ಮುಳ್ಳಂತೂ ಇದ್ದೇ ಇದೆ. ಒಂದೇ ಟ್ಯೂಬ್ ಇಟ್ಟುಕೊಳ್ಳುವುದಾದರೆ 21 ಇಂಚಿನದು ಇರಲಿ. ಕಷ್ಟಕ್ಕೆ ಅದನ್ನೇ ಹಿಂದಿನ ಚಕ್ರಕ್ಕೂ ತೂರಿಸಬಹುದು.

ನಂಬರ್ ಪ್ಲೇಟ್, ಲೈಟು ಬಿಚ್ಚಿದ ಗಾಡಿಯನ್ನು ರಸ್ತೆಯಲ್ಲಿ ಓಡಿಸಬೇಡಿ. ಟಾಟಾ ಏಸ್ ಮಾಡಿಕೊಂಡು ಹೋಗಿ. ಮೂವರು ಸೇರಿದರೆ ಬಾಡಿಗೆ ಹೊರೆಯಾಗುವುದಿಲ್ಲ.

ಮೈಗೆ ಬೇಕಾದ್ದರಲ್ಲಿ ಹೆಲ್ಮೆಟ್, ಗಾಗಲ್ಸ್, ಎದೆ-ಬೆನ್ನಿನ ಕವಚ, ಮೊಣಕಾಲು ಗಾರ್ಡ್, ಗ್ಲೌಸ್ ಎಲ್ಲರಿಗೂ ಗೊತ್ತು. ಬೂಟಿನ ವಿಷಯದಲ್ಲಿ ಮಾತ್ರ ಜಿಪುಣತನ ಬೇಡ. ನೂರು ಕೆ.ಜಿ. ಮೇಲಿನ ಗಾಡಿ ಪಾದದ ಮೇಲೆ ಬೀಳುವ ಆಟ ಇದು. ಮೊಣಕಾಲಿನ ತನಕ ಬರುವ ಗಟ್ಟಿ ಮೋಟೊಕ್ರಾಸ್ ಬೂಟು ತೆಗೆದುಕೊಳ್ಳಿ. ಕೆಲಸದ ಶೂ, ಟ್ರೆಕ್ಕಿಂಗ್ ಶೂ ಸಾಲದು.

ಅಭ್ಯಾಸ: ನಿಲ್ಲುವುದರಿಂದ ಶುರು

ಇಲ್ಲಿಗೆ ಎಷ್ಟು ಹೊತ್ತು ಕೊಟ್ಟರೂ ಕಡಿಮೆಯೇ.

ಮೊದಲ ವಾರ ಸೀಟಿನ ಮೇಲೆ ಕೂರಬೇಡಿ. ಫುಟ್‌ರೆಸ್ಟ್ ಮೇಲೆ ನಿಂತು ಓಡಿಸಿ. ಮೊಣಕಾಲಿನಿಂದ ಟ್ಯಾಂಕ್ ಒತ್ತಿ ಹಿಡಿಯಿರಿ, ಮೊಣಕೈ ಹೊರಕ್ಕೆ ಇರಲಿ, ಹ್ಯಾಂಡಲ್ ಸಡಿಲವಾಗಿ ಹಿಡಿಯಿರಿ. ಗಾಡಿ ಕೆಳಗೆ ಕುಣಿಯಲಿ ಬಿಡಿ, ನೀವು ಮೇಲೆ ಸುಮ್ನೆ ಇರಿ. ಹ್ಯಾಂಡಲ್ ಬಿಗಿಯಾಗಿ ಹಿಡಿದರೆ ಹತ್ತು ನಿಮಿಷಕ್ಕೆ ಮುಂಗೈ ಕಲ್ಲಾಗುತ್ತದೆ. ಬ್ರೇಕ್ ಹಿಡಿಯೋಕೂ ಬೆರಳು ಬಗ್ಗುವುದಿಲ್ಲ. ಭಾರ ಕಾಲಿನ ಮೇಲಿರಬೇಕು. ಅದಕ್ಕೆ ಬೇಕಾದ ಕಾಲು ನಮ್ಮ ಗರಡಿ ಮನೆಯಲ್ಲೇ ತಯಾರಾಗುತ್ತದೆ. ದುಗ್ಗಮ್ಮನ ಜಾತ್ರೆ ಕುಸ್ತಿಗೆ ಹುಡುಗರು ಬಸ್ಕಿ ಹೊಡೆಯುತ್ತಾರಲ್ಲ, ಅದೇ. ಬಸ್ಕಿ, ದಂಡ, ಸ್ವಲ್ಪ ಓಟ. ಜಿಮ್ಮಿಗೆ ದುಡ್ಡು ಕಟ್ಟಲೇಬೇಕು ಅಂತೇನಿಲ್ಲ.

ಎರಡನೇ ವಾರ ನೀರಿನ ಖಾಲಿ ಬಾಟಲಿಗಳನ್ನು ನೆಟ್ಟು ಎಂಟರ ಆಕಾರದಲ್ಲಿ ಸುತ್ತಿ. ಒಂದನೇ ಗೇರು, ಕ್ಲಚ್ ಮೇಲೆ ಒಂದೇ ಬೆರಳು. ಕ್ಲಚ್ಚನ್ನು ಪೂರ್ತಿ ಹಿಡಿಯುವುದೂ ಇಲ್ಲ, ಪೂರ್ತಿ ಬಿಡುವುದೂ ಇಲ್ಲ. ಆ ನಡುವಿನ ಒಂದು ಸೆಂಟಿಮೀಟರ್ ಜಾಗದಲ್ಲೇ ನಿಮ್ಮ ಇಡೀ ರೇಸು ಇದೆ. ಗಾಡಿ ನಡೆಯುವ ವೇಗದಲ್ಲಿ ಕಾಲು ಊರದೆ ಹತ್ತು ಸುತ್ತು ಹಾಕಿದರೆ ಮುಂದಿನ ಪಾಠಕ್ಕೆ ಹೋಗಿ.

ಈಗ ನೋಟ. ಮುಂದಿನ ಚಕ್ರದ ಕೆಳಗೆ ನೋಡಬೇಡಿ, ಹದಿನೈದು-ಇಪ್ಪತ್ತು ಮೀಟರ್ ಮುಂದೆ ನೋಡಿ. ಭಯ ಆದಾಗ ಕಣ್ಣು ತಾನಾಗಿ ಅಪಾಯದ ಕಡೆಗೇ ಹೋಗುತ್ತದೆ. ಕಣ್ಣಿನ ಹಿಂದೆ ತಲೆ, ತಲೆಯ ಹಿಂದೆ ಭುಜ, ಭುಜದ ಹಿಂದೆ ಹ್ಯಾಂಡಲ್. ನನ್ನ ಬೇವಿನ ಮರದ ಕಥೆ ಅದೇ. ತೋಪಿನಲ್ಲಿ ನಡೆದುಕೊಂಡು ಹೋಗುವಾಗಲೂ ಮರ ಬಿಟ್ಟು ಸಂದಿ ಎಣಿಸುತ್ತಾ ಹೋಗಿ. ಹುಚ್ಚು ಅನ್ನಿಸುತ್ತೆ, ಅಲ್ವಾ? ನನಗೆ ಅದರಿಂದಲೇ ರೂಢಿ ಆಯಿತು. ಕೊರಕಲಿನಲ್ಲಿ ಚಕ್ರ ಇಳಿದಾಗಲೂ ಇದೇ ನಿಯಮ, ಕೊರಕಲು ಮುಗಿಯುವ ಕಡೆ ನೋಡಿ.

ಬೇರನ್ನು ಓರೆಯಾಗಿ ದಾಟಬೇಡಿ, ನೇರವಾಗಿ ದಾಟಿ. ದಾಟುವಾಗ ಬ್ರೇಕ್ ಮುಟ್ಟಬೇಡಿ, ಒದ್ದೆ ಬೇರು ಸೋಪಿದ್ದ ಹಾಗೆ. ಮುಂದಿನ ಬ್ರೇಕ್ ಬಿಟ್ಟುಬಿಡಿ ಅನ್ನುವವರ ಮಾತು ನಂಬಬೇಡಿ. ಸಡಿಲ ಮಣ್ಣಿನಲ್ಲೂ ಅದು ಬೇಕು, ಒಂದು ಬೆರಳಲ್ಲಿ, ಮೆಲ್ಲಗೆ. ಇಳಿಜಾರಿನಲ್ಲಿ ಮೈ ಹಿಂದಕ್ಕೆ, ಗೇರ್ ಒಂದು ಅಥವಾ ಎರಡು. ಎಂಜಿನ್ ತಡೆಯಲಿ ಬಿಡಿ, ಕ್ಲಚ್ ಹಿಡಿದರೆ ಗಾಡಿ ಬಂಡೆಯ ಹಾಗೆ ಉರುಳುತ್ತದೆ.

ಏರು ಬೇರೆ ಕಥೆ. ಮೈ ಮುಂದಕ್ಕೆ ತಂದು, ಬುಡದಲ್ಲೇ ವೇಗ ತೆಗೆದುಕೊಂಡು, ನಡುವೆ ಗೇರ್ ಬದಲಿಸದೆ ಹತ್ತಬೇಕು. ಅರ್ಧಕ್ಕೆ ಎಂಜಿನ್ ಆಫ್ ಆದರೆ? ಎಲ್ಲರೂ ಮುಂದಿನ ಬ್ರೇಕ್ ಹಿಡಿದು ನಿಲ್ಲೋಕೆ ನೋಡುತ್ತಾರೆ. ಏರಿನಲ್ಲಿ ಭಾರವೆಲ್ಲ ಹಿಂದಿರುತ್ತದೆ, ಹಾಗಾಗಿ ಬ್ರೇಕ್ ಹಿಡಿದಿದ್ದರೂ ಮುಂದಿನ ಚಕ್ರ ಜಾರುತ್ತಾ ಗಾಡಿ ಹಿಂದಕ್ಕೆ ಬರುತ್ತದೆ. ಗೇರಿನಲ್ಲೇ ಇಟ್ಟು ಕ್ಲಚ್ ಬಿಡಿ. ಹಿಂದಿನ ಚಕ್ರ ಹಿಡಿದುಕೊಳ್ಳುತ್ತದೆ. ಆಮೇಲೆ ಇಳಿದು, ಗಾಡಿಯ ಮೇಲ್ಬದಿಗೆ ನಿಂತು, ಸ್ವಲ್ಪ ಸ್ವಲ್ಪವೇ ಅಡ್ಡ ತಿರುಗಿಸಿ ಕೆಳಗೆ ತನ್ನಿ. ಇದನ್ನು ರೇಸಿಗೆ ಮುಂಚೆ ಬೇಕಂತಲೇ ಹತ್ತು ಸಲ ಮಾಡಿ. ರೇಸಿನಲ್ಲಿ ಜನ ಅತಿ ಹೆಚ್ಚು ಹೊತ್ತು, ಅತಿ ಹೆಚ್ಚು ಉಸಿರು ಕಳೆದುಕೊಳ್ಳುವುದು ಇಲ್ಲೇ.

ಕಾಗದ ಪತ್ರ

ದೇಶದ ಮೋಟಾರು ಕ್ರೀಡೆ ನೋಡಿಕೊಳ್ಳುವುದು ಎಫ್‌ಎಂಎಸ್‌ಸಿಐ. ಅದರ ಮಾನ್ಯತೆ ಇರುವ ರೇಸಿಗೆ ಸ್ಪರ್ಧಾ ಲೈಸೆನ್ಸ್ ಬೇಕು. ಡಾಕ್ಟರ ಫಿಟ್‌ನೆಸ್ ಪತ್ರ ಮಾಡಿಸಿಟ್ಟುಕೊಳ್ಳಿ, ರಕ್ತದ ಗುಂಪು ಗೊತ್ತಿರಲಿ. ಹದಿನೆಂಟು ತುಂಬದವರಿಗೆ ಅಪ್ಪ-ಅಮ್ಮನ ಸಹಿ ಬೇಕು. ನಿಮ್ಮ ಮಾಮೂಲಿ ಬೈಕ್ ವಿಮೆ ರೇಸಿನಲ್ಲಿ ಆದ ಹಾನಿಗೆ ದುಡ್ಡು ಕೊಡುವುದಿಲ್ಲ. ಆಸ್ಪತ್ರೆ ಖರ್ಚಿನ ವಿಮೆಯ ಬಗ್ಗೆ ಏಜೆಂಟರನ್ನು ಮೊದಲೇ ಕೇಳಿ. ಆಂಬುಲೆನ್ಸ್ ನಿಂತಿರದ ರೇಸಿಗೆ ಯಾರು ಕರೆದರೂ ಹೋಗಬೇಡಿ.

ರೇಸ್ ದಿನ

ಹಿಂದಿನ ದಿನವೇ ಹೋಗಿ, ಬಿಟ್ಟರೆ ಟ್ರ್ಯಾಕನ್ನು ನಡೆದು ನೋಡಿ. ಕಷ್ಟದ ಜಾಗದಲ್ಲಿ ನಿಂತು ಎರಡು ದಾರಿ ಹುಡುಕಿ. ಒಂದರಲ್ಲಿ ಯಾರೋ ಬಿದ್ದಿದ್ದರೆ ಇನ್ನೊಂದು ಬೇಕಾಗುತ್ತದೆ. ಬಾವುಟಗಳನ್ನು ಬಾಯಿಪಾಠ ಮಾಡಿ: ಹಳದಿ ಅಂದರೆ ಮುಂದೆ ಅಪಾಯ, ಹಿಂದಿಕ್ಕುವಂತಿಲ್ಲ. ನೀಲಿ ಅಂದರೆ ಹಿಂದೆ ವೇಗದವನು ಬರುತ್ತಿದ್ದಾನೆ, ದಾರಿ ಬಿಡಿ. ಕೆಂಪಿಗೆ ನಿಲ್ಲಲೇಬೇಕು.

ಹೇರ್ ಸ್ಕ್ರ್ಯಾಂಬಲ್‌ನಲ್ಲಿ ಸಾಮಾನ್ಯವಾಗಿ ಎಂಜಿನ್ ಆಫ್ ಮಾಡಿಯೇ ನಿಲ್ಲಿಸುತ್ತಾರೆ. ಬಾವುಟ ಬಿದ್ದ ಮೇಲೆ ಸ್ಟಾರ್ಟ್ ಮಾಡಿ ಹೊರಡಬೇಕು. ಮೊದಲ ತಿರುವಿನಲ್ಲಿ ಸಂತೆ ಸೇರುತ್ತದೆ. ಎಲ್ಲರೂ ಒಳಗಡೆಗೆ ನುಗ್ಗುತ್ತಾರೆ, ನೀವು ಹೊರಗಿನಿಂದ ಸುತ್ತಿ ಬನ್ನಿ. ನಮ್ಮ ಕೆಂಪು ಧೂಳಿನಲ್ಲಿ ಮುಂದಿನವನ ಬೆನ್ನಿಗೆ ಅಂಟಿಕೊಂಡರೆ ಏನೂ ಕಾಣುವುದಿಲ್ಲ, ಸ್ವಲ್ಪ ಬಿಟ್ಟು ಹೋಗಿ. ಮಳೆ ಬಿದ್ದು ಎರೆಮಣ್ಣು ಸಿಕ್ಕರೆ ಅದು ಬೇರೆ ಗ್ರಹಚಾರ. ಮಡ್‌ಗಾರ್ಡ್ ಒಳಗೆ ಮೆತ್ತಿಕೊಂಡು ಚಕ್ರವೇ ತಿರುಗುವುದಿಲ್ಲ. ಹೊರಡುವ ಮುಂಚೆ ಮಡ್‌ಗಾರ್ಡ್ ಒಳಭಾಗಕ್ಕೆ ಅಡುಗೆ ಎಣ್ಣೆ ಸವರಿದರೆ ಸ್ವಲ್ಪ ಹೊತ್ತು ತಡೆಯುತ್ತದೆ.

ಮೊದಲ ಸುತ್ತಿನಲ್ಲಿ ನಿಮ್ಮ ಶಕ್ತಿಯ ಮುಕ್ಕಾಲು ಮಾತ್ರ ಖರ್ಚು ಮಾಡಿ. ಬೆನ್ನಿಗೆ ಎರಡು ಲೀಟರ್ ನೀರಿನ ಚೀಲ ಇರಲಿ, ಒಂದಿಷ್ಟು ಓಆರ್‌ಎಸ್ ಬೆರೆಸಿ. ಬಾಯಾರುವ ಮುಂಚೆಯೇ ಗುಟುಕು ಕುಡಿಯುತ್ತಿರಿ. ಹಿಂದಿಕ್ಕುವಾಗ "ಬಲಕ್ಕೆ!" ಅಂತ ಕೂಗಿ. ದಾರಿ ತಪ್ಪಿದರೆ ಬಿಟ್ಟ ಜಾಗದಿಂದಲೇ ಮತ್ತೆ ಸೇರಿಕೊಳ್ಳಿ. ಟ್ರ್ಯಾಕಿನ ಮೇಲೆ ಎದುರು ದಿಕ್ಕಿಗೆ ಓಡಿಸಿದರೆ ಸ್ಪರ್ಧೆಯಿಂದಲೇ ಹೊರಗೆ. ಬಿದ್ದವನ ಹತ್ತಿರ ಯಾರೂ ಇಲ್ಲದಿದ್ದರೆ ನಿಲ್ಲಿ, ನಿಮ್ಮ ರೇಸು ಹಾಳಾದರೂ ಸರಿ.

ಮನೆಗೆ ಬಂದ ರಾತ್ರಿಯೇ ಏರ್ ಫಿಲ್ಟರ್ ಬಿಚ್ಚಿ ನೋಡಿ. ಫೋಮ್ ಫಿಲ್ಟರ್ ಆದರೆ ತೊಳೆದು ಒಣಗಿಸಿ ಎಣ್ಣೆ ಹಚ್ಚಿ, ಪೇಪರಿನದಾದರೆ ಬದಲಿಸಿ. ನಾಳೆ ಮಾಡೋಣ ಅಂದುಕೊಂಡರೆ ಆಗುವುದಿಲ್ಲ. ಮಾರನೇ ದಿನ ಬೆಣ್ಣೆ ದೋಸೆ ಮುರಿಯೋಕೂ ಬೆರಳು ಮಡಚುವುದಿಲ್ಲ.